ಕೇಳಿಸದೆ ಹೋದ ಸುದ್ದಿ

ಜೂನ್ ೧೨

ಪ್ರೀತಿಯ ಗುಂಡ,

ಇನ್ನು ಮುಂದೆ ಭಾನುವಾರದ ಫೋನ್ ಬೇಡ, ಕಾಗದ ಬರೆ. ಬೇಜಾರು ಮಾಡಿಕೊಳ್ಳಬೇಡ, ಕಾರಣ ಹೇಳುತ್ತೇನೆ. ಫೋನ್ ಇರುವುದು ಕೆಳಗೆ, ಮನೆಯೊಡತಿಯ ನಡುಮನೆಯಲ್ಲಿ. ಅವರು ಮೆಟ್ಟಿಲ ಬುಡದಲ್ಲಿ ನಿಂತು ಕೂಗಬೇಕು, ನಾನು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯಬೇಕು, ಅಷ್ಟೂ ಹೊತ್ತು ಆ ಕಡೆ ನೀನು ‘ಹಲೋ ಹಲೋ’ ಅನ್ನುತ್ತಿರಬೇಕು. ಅವಸರಕ್ಕೆ ಇಳಿದು ಬಿದ್ದರೆ ನಮ್ಮಂಥವರ ಗತಿ ಏನೆಂದು ನಿನಗೆ ಬೇರೆ ಹೇಳಬೇಕೇ? ಅಪ್ಪ ನಮಗೆ ಬಿಟ್ಟುಹೋದ ಆಸ್ತಿಯೆಂದರೆ ಸೀಮೆಸುಣ್ಣದಂಥ ಈ ಮೂಳೆ. ಅದರಲ್ಲೂ ದೊಡ್ಡ ಪಾಲು ನನಗೆ, ಚಿಕ್ಕದು ನಿನಗೆ. ಹೋದ ವರ್ಷ ಮುರಿದ ಮಣಿಕಟ್ಟು ಈಗಷ್ಟೇ ಹೇಳಿದ ಮಾತು ಕೇಳತೊಡಗಿದೆ.

ಶಾಲೆ ಶುರುವಾಗಿದೆ. ಈ ವರ್ಷವೂ ನನಗೆ ಒಂದನೇ ತರಗತಿಯೇ. ಮೊದಲ ದಿನವೇ ನನ್ನ ಕಾನೂನು ಹೇಳಿಕೊಟ್ಟೆ. ಮಿಸ್ ಹತ್ತಿರ ಯಾರೂ ಓಡಿ ಬರುವಂತಿಲ್ಲ, ಸೆರಗು ಹಿಡಿದು ಜೋತುಬೀಳುವಂತಿಲ್ಲ, ಕೈಕಟ್ಟಿಕೊಂಡು ನಡೆದು ಬರಬೇಕು. ‘ಮೆಲ್ಲಗೆ, ಮೆಲ್ಲಗೆ’ ಎಂದು ಬೆಳಗಿನಿಂದ ಸಂಜೆವರೆಗೆ ಹೇಳುತ್ತಲೇ ಇರುತ್ತೇನಲ್ಲ, ಈ ಸಲದ ಮಕ್ಕಳೂ ಅದೇ ಹೆಸರಿಟ್ಟಿದ್ದಾರೆ. ಮೆಲ್ಲ ಮಿಸ್.

ನೀನು ಫೋನಿನಲ್ಲಿ ಹೇಳಿದ ಹೊಸಬರ ವಿಷಯ ಯೋಚನೆ ಮಾಡಿದೆ. ಅಕ್ಕ ಎಲ್ಲದಕ್ಕೂ ಅಡ್ಡ ಬಾಯಿ ಹಾಕುತ್ತಾಳೆ ಅಂದುಕೊಳ್ಳಬೇಡ. ನಿಮಗಿರುವುದೇ ಒಂದೂವರೆ ಕೋಣೆ. ನಿನ್ನ ಹೆಂಡತಿ ದಿನವೆಲ್ಲ ಗಾರ್ಮೆಂಟ್ಸಿನಲ್ಲಿ ಹೊಲಿದು ಸುಸ್ತಾಗಿ ಬರುತ್ತಾಳೆ, ಅವಳಿಗೇ ಕೆಲಸ ದುಪ್ಪಟ್ಟಾಗುವುದು. ಒಂದು ಸಲ ಒಳಗೆ ಬಿಟ್ಟುಕೊಂಡ ಮೇಲೆ ಬೇಡ ಅನ್ನುವುದಕ್ಕೆ ನಿನಗೆ ಬಾಯಿ ಬರುವುದಿಲ್ಲ, ನನಗೆ ಗೊತ್ತು. ಬೇಡ ಅನ್ನುವುದಿದ್ದರೆ ಈಗಲೇ ಅನ್ನು. ತಡಮಾಡಿದಷ್ಟೂ ಕಷ್ಟ. ಇಷ್ಟರ ಮೇಲೆ ನಿಮ್ಮಿಷ್ಟ.

ನಿನ್ನ ಅಕ್ಕ


ಜೂನ್ ೨೫

ಅಕ್ಕನಿಗೆ,

ಕಾಗದ ತಲುಪಿತು. ನೀನು ಹೇಳಿದ್ದು ಅರ್ಥವಾಯಿತು. ಫೋನಿನಲ್ಲಿ ನೀನು ‘ಹೂಂ, ಆಯ್ತು’ ಎಂದಷ್ಟೇ ಅಂದಾಗ ಏನೋ ಇದೆ ಅನ್ನಿಸಿತ್ತು. ಆದರೆ ಇಷ್ಟು ನೇರವಾಗಿ ಬರೆಯುತ್ತೀಯ ಎಂದುಕೊಂಡಿರಲಿಲ್ಲ.

ಬೇಡ ಅನ್ನುವುದು ನಮ್ಮಿಬ್ಬರಿಂದಲೂ ಆಗುವುದಿಲ್ಲ. ಏನೇ ಬಂದರೂ ನಾವು ನೋಡಿಕೊಳ್ಳುತ್ತೇವೆ. ಈ ವಿಷಯ ಇನ್ನು ನಮ್ಮ ನಡುವೆ ಬರುವುದು ಬೇಡ. ಅವಳಿಗೆ ನಿನ್ನ ಕಾಗದ ತೋರಿಸಿಲ್ಲ.

ಅಂಗಡಿಯಲ್ಲಿ ಕೆಲಸ ಜಾಸ್ತಿ. ಶಾಲೆ ಶುರುವಾದ ತಿಂಗಳು, ಮಕ್ಕಳ ಕನ್ನಡಕಗಳೇ ರಾಶಿ ಬಿದ್ದಿವೆ. ಮಣಿಕಟ್ಟು ಜೋಪಾನ.

ತಮ್ಮ


ಜುಲೈ ೨೦

ಪ್ರೀತಿಯ ಗುಂಡ,

ನಿನ್ನ ಕಾಗದ ಓದಿ ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಮನೆಗೆ ಯಾರನ್ನು ಸೇರಿಸಿಕೊಳ್ಳುತ್ತೀರಿ ಬಿಡುತ್ತೀರಿ ಅನ್ನುವುದು ನಿಮಗೆ ಸೇರಿದ್ದು. ಅಷ್ಟಕ್ಕೆ ಮುಖ ಊದಿಸಿಕೊಳ್ಳುವವನು ನೀನಲ್ಲ. ಫೋನ್ ಬೇಡವೆಂದದ್ದೇ ನಿನಗೆ ನಾಟಿರಬೇಕು. ಹಾಗಿದ್ದರೆ ನನ್ನ ಮೇಲೆ ಕೋಪ ಬೇಡ, ಮೆಟ್ಟಿಲಿನ ಮೇಲಿರಲಿ.

ಇಲ್ಲಿ ಒಂದು ಪ್ರಸಂಗ ನಡೆಯಿತು. ಮೊದಲ ಬೆಂಚಿನಲ್ಲಿ ಕೂರುವ ಎರಡು ಜಡೆಯ ಹುಡುಗಿ ಕೈಕಟ್ಟಿಕೊಂಡು ಬಂದು ನನ್ನ ಮುಂದೆ ನಿಂತು ತಲೆ ತಗ್ಗಿಸಿ ಏನೋ ಅಂದಳು. ನಾನು ‘ಜಾಣೆ, ಹೋಗಿ ಕೂತ್ಕೋ’ ಎಂದೆ. ಹೋಗಿ ಕೂತಳು. ಮತ್ತೆ ಬಂದಳು, ಮತ್ತೆ ‘ಜಾಣೆ’ ಎಂದು ಕಳಿಸಿದೆ. ಮೂರನೆಯ ಸಲ ಬರಲಿಲ್ಲ, ಕೂತಲ್ಲೇ ವಾಂತಿ ಮಾಡಿಕೊಂಡಳು. ಪಕ್ಕದ ಹುಡುಗಿ ನನ್ನ ಹತ್ತಿರ ಬಂದು, ಸೊಂಟದ ಮೇಲೆ ಕೈಯಿಟ್ಟು, ‘ಹೊಟ್ಟೆನೋವು ಅಂತ ಅವ್ಳು ಹೇಳಿದ್ಳಲ್ಲ ಮಿಸ್, ನೀವ್ಯಾಕೆ ಜಾಣೆ ಅಂದ್ರಿ?’ ಎಂದು ಕೇಳಿದಳು. ಇಡೀ ತರಗತಿ ಉತ್ತರಕ್ಕೆ ಕಾಯುತ್ತಿತ್ತು. ನನ್ನ ಗಮನ ಎಲ್ಲಿತ್ತೋ ಏನೋ. ಆ ಮಗುವಿನ ಬಾಯಿ ತೊಳೆಸಿ, ಬೆನ್ನು ಸವರಿ, ಅವಳ ಅಮ್ಮ ಬರುವವರೆಗೆ ನನ್ನ ಕುರ್ಚಿಯಲ್ಲೇ ಕೂರಿಸಿಕೊಂಡಿದ್ದೆ.

ಹೆಡ್‌ಮಿಸ್ ಬೇರೆ ಕರೆದು, ‘ನಿಮ್ಮ ದನಿ ಇತ್ತೀಚೆಗೆ ತೀರಾ ಸಣ್ಣದಾಗಿದೆ, ಹಿಂದಿನ ಬೆಂಚಿಗೆ ಕೇಳ್ಸಲ್ವಂತೆ’ ಅಂದರು. ನನಗೇನೋ ನನ್ನ ದನಿ ತಲೆಯೊಳಗೆ ಡಂಗುರ ಹೊಡೆದ ಹಾಗೆ ಕೇಳುತ್ತದೆ.

ಬಸ್ಸಿನಲ್ಲಿ ಹೋಗಿ ಬರುವುದೊಂದು ಖುಷಿ. ಎಷ್ಟು ಗಲಾಟೆಯಿದ್ದರೂ ಅಲ್ಲಿ ಮಾತೆಲ್ಲ ಸ್ಪಷ್ಟ. ಮೊನ್ನೆ ನನ್ನ ಹಿಂದಿನ ಸೀಟಿನಲ್ಲಿ ಒಬ್ಬಳು ತನ್ನ ಅತ್ತೆಯ ಮೇಲೆ ಹೇಳಿದ ಚಾಡಿಯನ್ನು ಒಂದಕ್ಷರ ಬಿಡದೆ ಕೇಳಿಸಿಕೊಂಡು ಬಂದೆ.

ನೀನು ಬರೆ. ಎರಡೇ ಸಾಲಾದರೂ ಸಾಕು.

ನಿನ್ನ ಅಕ್ಕ


ಆಗಸ್ಟ್ ೩೦

ಗುಂಡ,

ಉತ್ತರವಿಲ್ಲ. ಈ ನಡುವೆ ಬರೆದ ಕಾರ್ಡಿಗೂ ಇಲ್ಲ. ಅಂಚೆಯವನ ಸೈಕಲ್ ಗಂಟೆ ಕೇಳಿಸದೆ ಹೋಗುತ್ತದೇನೋ ಎಂದು ಶನಿವಾರವೆಲ್ಲ ಕಿಟಕಿಯ ಹತ್ತಿರವೇ ಕೂತಿರುತ್ತೇನೆ.

ಯಾರಿಗಾದರೂ ಮೈ ಸರಿಯಿಲ್ಲವೇ? ಬಿದ್ದೆಯಾ ಎಲ್ಲಾದರೂ? ಮುರಿದಿದ್ದರೆ ಮುಚ್ಚಿಡಬೇಡ. ಬೇರೆಯವರಿಗೆ ಹೇಳಿದರೆ ಅಯ್ಯೋ ಪಾಪ ಅನ್ನುತ್ತಾರೆ, ನನಗೆ ಹೇಳಿದರೆ ಯಾವ ಮೂಳೆ, ಎಲ್ಲಿ ಮುರಿಯಿತು, ಪ್ಲಾಸ್ಟರ್ ಹಿಟ್ಟಿನ ಕಟ್ಟು ಹಾಕಿದರೋ ಎಂದು ಕೇಳುತ್ತೇನೆ. ನನ್ನ ಮೇಲೆ ಕೋಪವಿದ್ದರೆ ಎರಡು ಸಾಲು ಬೈದಾದರೂ ಬರೆ. ಸುಮ್ಮನಿರಬೇಡ. ಈಚೆಗೆ ನನಗೆ ಎಲ್ಲರೂ ಸುಮ್ಮನಿದ್ದಂತೆಯೇ ಅನ್ನಿಸುತ್ತದೆ, ನೀನೂ ಅವರ ಜೊತೆ ಸೇರಬೇಡ.

ಅಕ್ಕ


ಸೆಪ್ಟೆಂಬರ್ ೧೪

ಅಕ್ಕನಿಗೆ,

ಬೈದು ಬರೆ ಅಂದೆಯಲ್ಲ, ಬರೆಯುತ್ತಿದ್ದೇನೆ.

ನಿನ್ನೆ ಅವಳು ಮಗುವಿನ ಅಂಗಿಗೆ ಗುಂಡಿ ಹೊಲಿಯುತ್ತ ಕೂತಿದ್ದಳು. ಇದ್ದಕ್ಕಿದ್ದಂತೆ ತಲೆ ಎತ್ತಿ, ‘ಅತ್ತಿಗೆ ಒಂದ್ಸಲಾನೂ ನನ್ನ ಹೇಗಿದ್ದೀಯ ಅಂತ ಕೇಳ್ಲಿಲ್ಲವಲ್ಲ. ನನಗೀಗ ಆರು ತಿಂಗಳು. ಅವರಿಗೆ ಇಷ್ಟವಿಲ್ವಾ?’ ಎಂದಳು. ನಾನು ಏನು ಹೇಳಲಿ? ‘ನನ್ನಕ್ಕ ಬೇಡ ಅಂದುಬಿಡು, ತಡಮಾಡಬೇಡ ಎಂದು ಬರೆದಿದ್ದಾಳೆ’ ಎಂದು ಹೇಳಲೇ? ಅಂಗಡಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಭಾನುವಾರ ಅಂಗಡಿಯೇ ಇಲ್ಲವೆಂದು ಬೀದಿಗೆ ಬಂದ ಮೇಲೆ ನೆನಪಾಯಿತು.

ಅವಳಿಗೆ ಮೂರು ತಿಂಗಳು ತುಂಬಿದ ಕೂಡಲೇ ಮೊದಲು ಫೋನ್ ಮಾಡಿದ್ದು ನಿನಗೆ. ‘ಅಕ್ಕ, ನಮ್ಮನೆಗೆ ಹೊಸಬರೊಬ್ರು ಬರ್ತಿದಾರೆ, ನೀನು ಅತ್ತೆ ಆಗ್ತೀಯ’ ಎಂದೆ. ಎಷ್ಟು ದಿನದಿಂದ ಆ ಮಾತನ್ನು ಬಾಯೊಳಗೆ ಇಟ್ಟುಕೊಂಡಿದ್ದೆ ಗೊತ್ತಾ? ನೀನು ‘ಹೂಂ, ಆಯ್ತು, ಊಟ ಮಾಡಿದ್ಯಾ’ ಎಂದೆ.

ಮಗುವಿಗೂ ನಮ್ಮ ಮೂಳೆಯೇ ಬರಬಹುದು ಎಂದು ನನಗೆ ಗೊತ್ತಿಲ್ಲವೇ? ಮದುವೆಗೆ ಮುಂಚೆಯೇ ಅವಳಿಗೆ ಎಲ್ಲ ಹೇಳಿದ್ದೆ. ಇಬ್ಬರೂ ಕೂತು ಯೋಚನೆ ಮಾಡಿ, ಹೆದರಿ, ಆಮೇಲೆ ಸರಿ ಎಂದುಕೊಂಡದ್ದು. ಪ್ರಪಂಚದಲ್ಲಿ ಯಾರು ಬೇಡವೆಂದಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ. ನೀನು ಅಂದೆ. ಆ ಮೂಳೆಯೊಳಗೇ ಬದುಕಿದವಳು ನೀನು. ನೀನೇ ಬೇಡ ಅಂದರೆ ಅದಕ್ಕೊಂದು ತೂಕವಿದೆಯಲ್ಲ. ಅದನ್ನು ಹೊತ್ತುಕೊಂಡು ಓಡಾಡುತ್ತಿದ್ದೇನೆ.

ತಮ್ಮ


ಸೆಪ್ಟೆಂಬರ್ ೧೯

ಗುಂಡ,

ನನಗೆ ಕೇಳಿಸಿರಲಿಲ್ಲ.

‘ಹೊಸಬರೊಬ್ರು ಬರ್ತಿದಾರೆ’ ಎನ್ನುವುದಷ್ಟೇ ಕಿವಿಗೆ ಬಿತ್ತು. ನಿನ್ನ ಅಂಗಡಿಯ ಗೆಳೆಯನೊಬ್ಬ ಕೋಣೆ ಹುಡುಕುತ್ತಿದ್ದಾನೆಂದು ನೀನು ಹಿಂದೆ ಹೇಳಿದ್ದೆ. ಅವನನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತೀರಿ ಎಂದುಕೊಂಡೆ. ನಾನು ಬೇಡ ಅನ್ನು ಎಂದದ್ದು ಅವನಿಗೆ.

ಮಗು. ನಿನಗೆ ಮಗು. ಈ ಕಾಗದವನ್ನು ಮೊದಲು ಅವಳ ಕೈಯಲ್ಲಿ ಕೊಡು. ಓದಿದ ಮೇಲೆ ನೀನು ಓದು. ಇದನ್ನು ಈಗಲೇ ಅಂಚೆಗೆ ಹಾಕುತ್ತೇನೆ. ಉಳಿದದ್ದು ಆಮೇಲೆ ಬರೆಯುತ್ತೇನೆ. ಬರುವ ಶನಿವಾರ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ.

ಅಕ್ಕ


ಸೆಪ್ಟೆಂಬರ್ ೩೦

ಪ್ರೀತಿಯ ಗುಂಡ,

ನಿನ್ನ ಕಾರ್ಡಿನ ಕೊನೆಗೆ ಅವಳು ಬರೆದು ಸೇರಿಸಿದ ಸಾಲು ಓದಿದೆ. ‘ಬಾಡಿಗೆಯವರು ಒದೀತಿದಾರೆ ಅತ್ತಿಗೆ’ ಎಂದು ಬರೆದಿದ್ದಾಳೆ. ಅಂಥ ಹೆಂಡತಿಯಿಂದ ನನ್ನ ಕಾಗದ ಅಷ್ಟು ದಿನ ಬಚ್ಚಿಟ್ಟಿದ್ದೆಯಲ್ಲ, ಮೊದಲೇ ತೋರಿಸಿದ್ದರೆ ಅವಳೇ ಗಂಟು ಬಿಡಿಸುತ್ತಿದ್ದಳು.

ಇನ್ನು ನನ್ನ ಕಥೆ. ಕಿವಿ ಮಂದವಾಗತೊಡಗಿ ಎರಡು ವರ್ಷವಾಯಿತು. ಮೊದಮೊದಲು ಎಲ್ಲರೂ ಗೊಣಗುತ್ತಿದ್ದಾರೆ ಅನ್ನಿಸುತ್ತಿತ್ತು. ಆಮೇಲೆ ಬಾಗಿಲು ತಟ್ಟಿದ್ದು ಕೇಳದಾಯಿತು, ಕುಕ್ಕರ್ ಕೂಗಿದ್ದು ಕೇಳದಾಯಿತು. ಬಾಯಿ ನೋಡಿ ಮಾತು ಹಿಡಿಯುವುದು ತಾನಾಗಿಯೇ ರೂಢಿಯಾಯಿತು. ತಲೆ ತಗ್ಗಿಸಿ ಮಾತಾಡಿದ ಆ ಹೊಟ್ಟೆನೋವಿನ ಮಗುವಿನ ಬಾಯಿ ನನಗೆ ಕಾಣಲಿಲ್ಲ, ಅಷ್ಟೇ. ಫೋನಿಗೆ ಬಾಯಿಯೇ ಇಲ್ಲವಲ್ಲ. ಮೆಟ್ಟಿಲ ನೆಪ ಹೇಳಿದ್ದು ಅದಕ್ಕೇ. ಯಾರಿಗೂ ಹೇಳಲಿಲ್ಲ. ಮೂಳೆ ಮುರಿಯುವವಳು ಎಂದು ಗೊತ್ತಿದ್ದೂ ನನಗೆ ಕೆಲಸ ಕೊಟ್ಟ ಶಾಲೆ ಇದು. ಕಿವಿಯೂ ಇಲ್ಲವೆಂದರೆ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ಹೆದರಿಕೆ.

ಕಿವಿ ಡಾಕ್ಟರು ವಯಸ್ಸಾದವರು. ಮಾತಾಡುವಾಗ ನನ್ನ ಮುಖ ನೋಡಿಯೇ ಮಾತಾಡಿದರು, ಅದರಲ್ಲೇ ಅರ್ಧ ಜೀವ ಬಂತು. ಎರಡು ಕವಲಿನ ಉಕ್ಕಿನ ಕಡ್ಡಿಯೊಂದನ್ನು ಮೊಣಕಾಲಿಗೆ ತಟ್ಟಿ ಕಿವಿಯ ಮುಂದೆ ಹಿಡಿದರು. ಏನೂ ಇಲ್ಲ. ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ತಲೆಯೊಳಗೆ ದುಂಬಿ ಹೊಕ್ಕ ಹಾಗೆ ಗುಂಯ್ ಎಂದಿತು. ನಾನು ಬೆಚ್ಚಿದೆ. ಅವರು ನನ್ನ ಕಣ್ಣಿನ ಬಿಳಿಯಲ್ಲಿರುವ ನೀಲಿ ಛಾಯೆಯನ್ನು ನೋಡಿ, ‘ಮೂಳೆ ಮುರಿದಿದ್ದಿದೆಯಾ ಅಮ್ಮ?’ ಎಂದು ಕೇಳಿದರು.

‘ಮುರೀದೇ ಇರೋದು ಯಾವುದು ಅಂತ ಕೇಳಿ, ಬೇಗ ಮುಗಿಯುತ್ತೆ’ ಎಂದೆ.

ಅವರು ನಗಲಿಲ್ಲ. ಕಿವಿಯೊಳಗೂ ಮೂಳೆಯಿದೆಯಂತೆ, ಸರಪಳಿಯ ಹಾಗೆ ಮೂರು. ಕೊನೆಯದು ಅಕ್ಕಿಕಾಳಿಗಿಂತ ಸಣ್ಣದು. ಅದು ಅಲುಗಾಡಿದರೆ ಸದ್ದು ಒಳಕ್ಕೆ ಹೋಗುತ್ತದೆ. ನನಗೆ ಅದು ತುಕ್ಕು ಹಿಡಿದ ಕೀಲಿನ ಹಾಗೆ ನಿಂತುಬಿಟ್ಟಿದೆ. ಒಳಗಿನ ನರ ಇನ್ನೂ ಗಟ್ಟಿಯಾಗಿದೆ. ‘ಇದು ಬೇರೆ ಕಾಯಿಲೆ ಅಲ್ಲ, ನಿಮ್ಮ ಮೂಳೆ ಕಾಯಿಲೇನೇ. ಈ ಕಾಯಿಲೆ ಇರೋ ಎಷ್ಟೋ ಜನಕ್ಕೆ ನಡುವಯಸ್ಸಿನ ಹೊತ್ತಿಗೆ ಕಿವಿಗೂ ಬರುತ್ತೆ’ ಎಂದರು. ನನ್ನ ದನಿ ನನಗೇ ಜೋರಾಗಿ ಕೇಳುವುದು, ಗಲಾಟೆಯ ಬಸ್ಸಿನಲ್ಲಿ ಮಾತು ಸ್ಪಷ್ಟವಾಗುವುದು, ಎಲ್ಲ ಅದರದೇ ಲಕ್ಷಣವಂತೆ. ಇಷ್ಟು ವರ್ಷ ನನ್ನ ಕಟ್ಟು ಕಟ್ಟಿದ ಯಾವ ಮೂಳೆ ಡಾಕ್ಟರೂ ಕಿವಿಯ ಮಾತೆತ್ತಿರಲಿಲ್ಲ.

ಬಸ್ಸಿನಲ್ಲಿ ಬರುವಾಗ ಅಪ್ಪನ ನೆನಪಾಯಿತು. ಕೊನೆಯ ವರ್ಷಗಳಲ್ಲಿ ನಾವು ಕರೆದರೆ ತಿರುಗುತ್ತಿರಲಿಲ್ಲ. ‘ಅವರಿಗೀಗ ಯಾರೂ ಬೇಡ’ ಅನ್ನುತ್ತಿದ್ದಳು ಅಮ್ಮ. ಕೆಲಸ ಸಿಕ್ಕಿತೆಂದು ನೀನು ಬಾಗಿಲಲ್ಲಿ ನಿಂತು ಹೇಳಿದೆ. ಅಪ್ಪ ಪೇಪರಿನಿಂದ ಮುಖ ಎತ್ತಲಿಲ್ಲ. ನೀನು ಆ ದಿನ ಊಟ ಬಿಟ್ಟೆ, ಆಮೇಲೆ ಅವರ ಹತ್ತಿರ ಮಾತೇ ಕಡಿಮೆ ಮಾಡಿದೆ. ಅವರಿಗೆ ಕೇಳಿಸಿರಲಿಲ್ಲ ಕಣೋ. ನನ್ನ ಹಾಗೇ.

ನಿನ್ನ ಅಕ್ಕ


ಅಕ್ಟೋಬರ್ ೧೦

ಪ್ರೀತಿಯ ಅಕ್ಕ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ಓದಿದೆ. ಅಪ್ಪನ ವಿಷಯ ಬಂದಾಗ ಎದುರಿಗೆ ಒಬ್ಬ ಅಜ್ಜ ಕನ್ನಡಕಕ್ಕೆ ಕಾಯುತ್ತಿದ್ದರು. ‘ಏನಪ್ಪಾ, ನಿನ್ನ ಕಣ್ಣೇ ಸರಿಯಿಲ್ವಾ’ ಎಂದರು. ಹೌದು, ಧೂಳು ಎಂದೆ. ಗಾಜು ಉಜ್ಜುವ ಯಂತ್ರದ ಮುಂದೆ ಹೋಗಿ ಅವರ ಗಾಜನ್ನು ಇನ್ನೊಂದು ಸಲ ಉಜ್ಜಿದೆ.

ನಿನಗೆ ಕ್ಷಮಿಸು ಎಂದು ಬರೆದರೆ ನೀನು ಬೈಯುತ್ತೀಯ. ಅದಕ್ಕೇ ಬರೆಯುವುದಿಲ್ಲ. ಡಾಕ್ಟರು ಮುಂದೇನು ಮಾಡಬೇಕು ಎಂದರು, ಅದನ್ನೇ ಬರೆದಿಲ್ಲವಲ್ಲ. ಆಪರೇಷನ್ನಾ, ಮಿಷನ್ನಾ? ಶಾಲೆಗೆ ಹೇಳಿದೆಯಾ? ಹೇಳಿಬಿಡು.

ಇನ್ನೊಂದು ಮಾತು. ಇದನ್ನು ಅವಳಿಗೆ ಕಾಣದಂತೆ ಬರೆಯುತ್ತಿದ್ದೇನೆ. ನನ್ನ ಮಾತು ನಿನಗೆ ಕೇಳಿಸಿರಲಿಲ್ಲ, ಸರಿ. ಕೇಳಿಸಿದ್ದರೆ ಏನನ್ನುತ್ತಿದ್ದೆ? ನನ್ನ ಸಮಾಧಾನಕ್ಕೆ ಬರೆಯಬೇಡ. ಮೂರು ತಿಂಗಳು ನಿನ್ನ ಜೊತೆ ಮನಸ್ಸಿನಲ್ಲೇ ಜಗಳವಾಡಿದ್ದೇನೆ. ಆ ಜಗಳದಲ್ಲಿ ನಿನ್ನ ಕಡೆಯ ಮಾತನ್ನೂ ನಾನೇ ಆಡಿದ್ದೇನೆ. ಈಗ ನಿನ್ನ ಬಾಯಿಂದಲೇ ಕೇಳಬೇಕು.

ಗುಂಡ


ನವೆಂಬರ್ ೨

ಪ್ರೀತಿಯ ಗುಂಡ,

ತಡವಾಯಿತು. ಅಂಚೆಯದಲ್ಲ, ನನ್ನದೇ ತಡ. ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಕೂತಾಗಲೆಲ್ಲ ತಿದ್ದಬೇಕಾದ ಕಾಪಿ ಪುಸ್ತಕಗಳು ನೆನಪಾಗುತ್ತಿದ್ದವು.

ಮೊದಲು ಸುಲಭದ್ದು. ಆಪರೇಷನ್ ಮಾಡಿದರೆ ಆ ಅಕ್ಕಿಕಾಳಿನ ಮೂಳೆ ತೆಗೆದು ಬೇರೆಯದು ಕೂರಿಸುತ್ತಾರಂತೆ. ಬೇರೆಯವರ ಕಿವಿಯಾದರೆ ಧೈರ್ಯವಾಗಿ ಕೈಹಾಕುತ್ತಾರೆ. ನಮ್ಮ ಮೂಳೆಯಾದ್ದರಿಂದ ಒಳಗೆ ಹೇಗಿರುತ್ತದೋ ತೆರೆದ ಮೇಲೆಯೇ ಗೊತ್ತು, ಇರುವುದೂ ಹೋಗಬಹುದು ಎಂದರು. ಸದ್ಯಕ್ಕೆ ಬೇಡವೆಂದೆ. ಕಿವಿ ಮಿಷನ್ ಹಾಕಿಸಿಕೊಂಡಿದ್ದೇನೆ. ಪ್ರಪಂಚವನ್ನೆಲ್ಲ ತಗಡಿನ ಡಬ್ಬಿಯೊಳಗೆ ಹಾಕಿ ಅಲ್ಲಾಡಿಸಿದ ಹಾಗಿದೆ. ನನ್ನ ಸೀರೆ ಇಷ್ಟು ಸದ್ದು ಮಾಡುತ್ತದೆ ಎಂದು ಗೊತ್ತಿರಲಿಲ್ಲ.

ಹೆಡ್‌ಮಿಸ್‌ಗೆ ಹೇಳಿದೆ. ಅವರು ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟು, ‘ಎರಡು ವರ್ಷ ಬಾಯಿ ನೋಡ್ಕೊಂಡು ಪಾಠ ಮಾಡಿದ್ರಾ?’ ಎಂದರು. ಹೌದೆಂದೆ. ಬೆಂಚುಗಳನ್ನೆಲ್ಲ ಅರ್ಧಚಂದ್ರದ ಹಾಗೆ ತಿರುಗಿಸಿ ಹಾಕಿಸಿದರು. ಈಗ ಎಲ್ಲರ ಮುಖವೂ ಕಾಣುತ್ತದೆ. ಮಕ್ಕಳು ಮಿಷನ್ ನೋಡಿ, ‘ಇದ್ರಲ್ಲಿ ಹಾಡು ಬರುತ್ತಾ ಮಿಸ್?’ ಎಂದು ಕೇಳಿದರು. ನಿಮ್ಮ ಗಲಾಟೆ ಬರುತ್ತೆ ಎಂದೆ.

ಇನ್ನು ಕಷ್ಟದ್ದು. ಕೇಳಿಸಿದ್ದರೆ ಮೊದಲು ಸುಮ್ಮನಾಗುತ್ತಿದ್ದೆ. ಆಮೇಲೆ ‘ಸಂತೋಷ ಕಣೋ’ ಎನ್ನುತ್ತಿದ್ದೆ. ನೀನು ಆ ನಡುವಿನ ಮೌನವನ್ನು ಹಿಡಿದುಬಿಡುತ್ತಿದ್ದೆ. ನಾನು ಮದುವೆ ಬೇಡವೆಂದದ್ದಕ್ಕೆ ಜನರಿಗೆ ಬೇಕಾದಷ್ಟು ಕಾರಣ ಹೇಳಿದ್ದೇನೆ. ಒಳಗಿನದು ಒಂದೇ. ಈ ಮೂಳೆಯನ್ನು ಇನ್ನೊಂದು ಜೀವಕ್ಕೆ ದಾಟಿಸುವ ಧೈರ್ಯ ನನಗಿರಲಿಲ್ಲ. ನಿನಗಿದೆ. ಅದನ್ನು ನೋಡಿ ನನಗೆ ಸಂತೋಷಕ್ಕಿಂತ ಮೊದಲು ಹೆದರಿಕೆ, ಅದರ ಹಿಂದೆಯೇ ಸ್ವಲ್ಪ ಹೊಟ್ಟೆಕಿಚ್ಚು. ಆದರೆ ಬೇಡವೆಂದು ಮಾತ್ರ ಅನ್ನುತ್ತಿರಲಿಲ್ಲ. ಹಾಗೆಂದರೆ ನಾನೂ ಬೇಡವಾಗಿತ್ತು ಎಂದಂತೆ ಆಗುತ್ತದಲ್ಲ. ಅದಕ್ಕೆ ನಾನು ಒಪ್ಪುವುದಿಲ್ಲ.

ಹೆರಿಗೆ ಡಾಕ್ಟರಿಗೆ ನಮ್ಮ ಮನೆತನದ ಮೂಳೆಯ ವಿಷಯ ಮೊದಲೇ ಹೇಳಿರಿ. ಮರೆಯಬೇಡ.

ನಿನ್ನ ಅಕ್ಕ


ಡಿಸೆಂಬರ್ ೧೨

ಅಕ್ಕ,

ಹೆಣ್ಣು ಮಗು. ತಾಯಿ ಚೆನ್ನಾಗಿದ್ದಾಳೆ. ಮಗುವಿಗೆ ಎಡತೊಡೆಯ ಮೂಳೆ ಮುರಿದಿದೆ.

ನೀನು ಹೇಳಿದಂತೆ ಮೊದಲೇ ಹೇಳಿದ್ದೆವು. ಅವರು ಹುಷಾರಾಗಿಯೇ ಇದ್ದರು, ಆದರೂ ಆಯಿತು. ಯಾರ ತಪ್ಪೂ ಇಲ್ಲ ಎಂದು ಡಾಕ್ಟರು ಹೇಳಿದರು. ಕಾಲಿಗೆ ಪಟ್ಟಿ ಕಟ್ಟಿದ್ದಾರೆ. ಚೋಟುದ್ದ ಇದ್ದಾಳೆ, ಅದರಲ್ಲಿ ಅರ್ಧ ಪಟ್ಟಿಯೇ. ನರ್ಸುಗಳು ಚೋಟು ಎಂದು ಕರೆಯುತ್ತಾರೆ, ನಾವೂ ಹಾಗೇ ಅನ್ನುತ್ತಿದ್ದೇವೆ. ಕಣ್ಣು ಬಿಟ್ಟಾಗ ನೋಡಿದೆ. ದಿನವೆಲ್ಲ ಬೇರೆಯವರ ಕಣ್ಣು ನೋಡುವುದೇ ನನ್ನ ಕೆಲಸ. ಬಿಳಿಯಲ್ಲಿ ನೀಲಿಯಿದೆ. ಹಸುಗೂಸುಗಳಿಗೆ ಹಾಗಿರುವುದುಂಟು ಎನ್ನುತ್ತಾರೆ. ನನಗೆ ಗೊತ್ತು, ಇದು ನಿನ್ನ ನೀಲಿ.

ಎತ್ತಿಕೊಳ್ಳಲು ನನಗೆ ಭಯ. ಅವಳೂ ಹಾಲೂಡಿಸುವಾಗ ಉಸಿರು ಬಿಗಿಹಿಡಿದಿರುತ್ತಾಳೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಇದೆಲ್ಲ ನನ್ನಿಂದ ಬಂದದ್ದು.

ಅಕ್ಕ, ನಿನ್ನನ್ನು ಯಾವತ್ತೂ ಕೇಳದ ಪ್ರಶ್ನೆ ಕೇಳುತ್ತೇನೆ. ನಿನಗೆ ಈ ಜನ್ಮ ಸಾಕೆನ್ನಿಸಿತ್ತಾ? ಚಿಕ್ಕವಳಿದ್ದಾಗ, ತಿಂಗಳುಗಟ್ಟಲೆ ಹಿಟ್ಟಿನ ಕಟ್ಟಿನಲ್ಲಿ ಮಲಗಿರುತ್ತಿದ್ದೆಯಲ್ಲ, ಆಗ?

ಗುಂಡ


ಡಿಸೆಂಬರ್ ೧೬

ಪ್ರೀತಿಯ ಗುಂಡ,

ಎತ್ತಿಕೊಳ್ಳುವುದು ಹೇಗೆಂದು ಮೊದಲು ಹೇಳುತ್ತೇನೆ, ಉಳಿದದ್ದು ಆಮೇಲೆ. ಕಂಕುಳಿಗೆ ಕೈಹಾಕಿ ಎತ್ತಬೇಡ. ಒಂದು ಅಂಗೈ ತಲೆ ಮತ್ತು ಭುಜದ ಕೆಳಗೆ, ಇನ್ನೊಂದು ಕುಂಡೆಯ ಕೆಳಗೆ, ಬೆರಳುಗಳನ್ನು ಚೆನ್ನಾಗಿ ಅಗಲಿಸಿ. ಬಟ್ಟೆ ಬದಲಿಸುವಾಗ ಪಾದ ಹಿಡಿದು ಮೇಲೆತ್ತಬೇಡಿ, ಕುಂಡೆಯ ಕೆಳಗೆ ಕೈ ತೂರಿಸಿ. ಅಂಗಿಯ ತೋಳಿನೊಳಗೆ ಅವಳ ಕೈ ಎಳೆಯಬಾರದು, ನಿಮ್ಮ ಕೈ ತೂರಿಸಿ ಅಂಗಿಯ ತೋಳನ್ನೇ ಅವಳ ಕೈಯ ಮೇಲೆ ತರಬೇಕು. ನಿನ್ನ ಹೆಂಡತಿಗೆ ಹೇಳು, ಪಕ್ಕದಲ್ಲಿ ಪೂರ್ತಿ ಬಿಚ್ಚುವ, ದಾರ ಕಟ್ಟುವ ಅಂಗಿ ಹೊಲಿಯಲಿ. ಎಲ್ಲಕ್ಕಿಂತ ಮುಖ್ಯ, ಎತ್ತಿಕೊಳ್ಳಿ. ಮುರಿಯುತ್ತದೆಂದು ಮುಟ್ಟದೆ ಇಟ್ಟರೆ ಅದು ಬೇರೆ ಥರದ ಮುರಿತ. ಅದಕ್ಕೆ ಯಾರೂ ಕಟ್ಟು ಹಾಕುವುದಿಲ್ಲ.

ನಿನ್ನ ಪ್ರಶ್ನೆ. ಸಾಕೆನ್ನಿಸಿದ ದಿನಗಳಿದ್ದವು. ಸುಳ್ಳು ಹೇಳುವುದಿಲ್ಲ. ಕಟ್ಟಿನೊಳಗೆ ತುರಿಸಿದಾಗ, ಬೀದಿಯಲ್ಲಿ ನೀವೆಲ್ಲ ಆಡುವ ಸದ್ದು ಕೇಳಿದಾಗ, ಅಮ್ಮ ಅಡುಗೆಮನೆಯಲ್ಲಿ ಅಳುವುದು ನನಗೆ ತಿಳಿಯುವುದಿಲ್ಲ ಅಂದುಕೊಂಡು ಅತ್ತಾಗ. ಆದರೆ ಆ ದಿನಗಳನ್ನು ನೆನೆಸಿಕೊಂಡರೆ ಮೊದಲು ಬರುವುದು ಅದಲ್ಲ. ಹಳೆಯ ಕುರ್ಚಿಗೆ ನೀನು ಕೈಗಾಡಿಯ ಚಕ್ರ ಕಟ್ಟಿ, ಕಟ್ಟಿನ ಕಾಲಿನ ನನ್ನನ್ನು ಕೂರಿಸಿ, ಇಳಿಜಾರಿನ ಬೀದಿಯಲ್ಲಿ ತಳ್ಳಿದೆ. ಚಕ್ರ ಕಳಚಿತು. ನಾನು ಮರಳಿನ ಗುಡ್ಡೆಯ ಮೇಲೆ ಬಿದ್ದೆ, ಏನೂ ಆಗಲಿಲ್ಲ. ನಿನ್ನ ಕೊರಳಮೂಳೆ ಮುರಿಯಿತು. ಅಪ್ಪ ಓಡಿ ಬಂದು ಯಾರನ್ನು ಎತ್ತಿಕೊಳ್ಳಬೇಕೆಂದು ತಿಳಿಯದೆ ನಿಂತುಬಿಟ್ಟರು. ನಾವಿಬ್ಬರೂ ನಕ್ಕ ನಗುವಿಗೆ ಅವರಿಗೂ ನಗು ಬಂತು. ಆ ನಗು ಬೇಡವಾಗಿತ್ತು ಎಂದು ನನ್ನಿಂದ ಹೇಳಿಸಲು ನಿನ್ನಿಂದಾಗದು.

ನಿನ್ನಿಂದ ಬಂದದ್ದು ಮೂಳೆಯೊಂದೇ ಅಲ್ಲ. ಮಗಳ ಮುಖ ನೋಡಿ ಮಾತಾಡು. ನಿನ್ನ ಹೆಂಡತಿಯ ಮುಖವನ್ನೂ.

ರಜೆ ಶುರುವಾದ ದಿನವೇ ರೈಲು ಹತ್ತುತ್ತೇನೆ. ನೀನು ಕರೆಯಲಿ ಎಂದು ಕಾಯುತ್ತಿಲ್ಲ.

ಅಕ್ಕ


ಏಪ್ರಿಲ್ ೨

ಪ್ರೀತಿಯ ಅಕ್ಕ,

ನೀನು ಹೋದ ಮೇಲೆ ಮನೆ ಭಣಗುಡುತ್ತಿದೆ ಎಂದು ಅವಳು ಈಗಲೂ ಹೇಳುತ್ತಿರುತ್ತಾಳೆ. ಚೋಟುವಿನ ತೊಡೆ ಪೂರ್ತಿ ಕೂಡಿದೆ. ಸ್ವಲ್ಪ ಬಾಗಿದೆ, ಆದರೆ ಒದೆತಕ್ಕೇನೂ ಕಡಿಮೆಯಿಲ್ಲ. ಹೋದ ತಿಂಗಳು ಎಡಗೈಯ ಒಂದು ಮೂಳೆ ಬಿರುಕು ಬಿಟ್ಟಿತು. ಈ ಸಲ ನಾವು ಗಾಬರಿಯಾಗಲಿಲ್ಲ ಎಂದರೆ ಸುಳ್ಳು, ಆದರೆ ಗಾಬರಿಯಲ್ಲೇ ಎಲ್ಲ ಸರಿಯಾಗಿ ಮಾಡಿದೆವು. ನೀನು ತೋರಿಸಿದ ಹಾಗೆ ರಟ್ಟು ಕತ್ತರಿಸಿ, ಹತ್ತಿ ಸುತ್ತಿ, ಕೈ ಅಲುಗಾಡದಂತೆ ಕಟ್ಟಿಯೇ ಆಸ್ಪತ್ರೆಗೆ ಹೋದದ್ದು. ಅವಳು ದಾರಿಯುದ್ದಕ್ಕೂ ಮಗುವಿಗೆ ಕಥೆ ಹೇಳಿದಳು. ನನಗೆ ಹೇಳಿದ್ದೇ ಇರಬೇಕು.

ನೀನು ಪೀಡಿಸಿ ಪೀಡಿಸಿ ಕಳಿಸಿದ್ದೆಯಲ್ಲ, ನಾನೂ ಕಿವಿ ತೋರಿಸಿಕೊಂಡು ಬಂದೆ. ಎಡಗಿವಿ ಶುರುವಾಗಿದೆ ಎಂದರು. ಬಲಗಿವಿ ಸದ್ಯಕ್ಕೆ ಚೆನ್ನಾಗಿದೆ. ಆ ದಿನವೇ ಮನೆಗೆ ಬಂದು ಅವಳಿಗೆ ಹೇಳಿದೆ, ಇವತ್ತು ನಿನಗೆ ಬರೆಯುತ್ತಿದ್ದೇನೆ. ಚಿಕ್ಕ ಪಾಲು ನನ್ನದು ಎಂದು ಇಷ್ಟು ದಿನ ಒಳಗೊಳಗೇ ಬೀಗುತ್ತಿದ್ದೆ. ಈಗ ನಮ್ಮ ಮನೆಯಲ್ಲಿ ಯಾರೂ ಬೆನ್ನು ತಿರುಗಿಸಿ ಮಾತಾಡುವಂತಿಲ್ಲ ಎಂದು ಅವಳು ಕಾನೂನು ಮಾಡಿದ್ದಾಳೆ. ಒಲೆಯ ಮುಂದೆ ನಿಂತು ಬೈಯಬೇಕೆನ್ನಿಸಿದರೂ ಪೂರ್ತಿ ತಿರುಗಿ, ಸೌಟು ಕೆಳಗಿಟ್ಟು, ಮುಖ ನೋಡಿ ಬೈಯುತ್ತಾಳೆ.

ಮಿಷನ್ನಿನಲ್ಲಿ ಎಲ್ಲವೂ ತಗಡಿನ ಹಾಗೆ ಕೇಳುತ್ತದೆ, ಮಗುವಿನ ದನಿ ನಿಜವಾಗಿ ಹೇಗಿದೆಯೋ ಬರೆದು ಕಳಿಸು ಎಂದಿದ್ದೆ. ಹೇಗೆ ಬರೆಯುವುದೋ ತಿಳಿಯದೆ ಇಷ್ಟು ದಿನ ತಳ್ಳಿದೆ. ಈಗ ಬರೆಯುತ್ತಿದ್ದೇನೆ, ನನಗೂ ಬೇಕಾಗಬಹುದು ಎಂದು.

ಮೊನ್ನೆಯಿಂದ ಚೋಟು ದನಿ ತೆಗೆದು ನಗುತ್ತಾಳೆ. ಮೊದಲು ‘ಹಕ್’ ಎಂದು ಉಸಿರು ಒಳಗೆಳೆದುಕೊಳ್ಳುವ ಸಣ್ಣ ಸದ್ದು, ಬಿಕ್ಕಳಿಕೆಯ ಹಾಗೆ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಬರುತ್ತದೋ ಇಲ್ಲವೋ ಎಂದು ನಾವು ಬಾಯಿ ನೋಡುತ್ತಿರುವಾಗ, ಕಿರಿದಾದ ಕತ್ತಿನ ಬಾಟಲಿಯಿಂದ ನೀರು ಬಗ್ಗಿಸಿದ ಹಾಗೆ ಗುಳುಗುಳು ಎಂದು ಹೊರಬರುತ್ತದೆ. ಅಲ್ಲಲ್ಲಿ ತಡೆಯುತ್ತದೆ, ಮತ್ತೆ ಸುರಿಯುತ್ತದೆ. ಕೊನೆಯಲ್ಲಿ ಉದ್ದನೆಯ ‘ಆಆ’. ಅದು ನಗುವಿಗೆ ಸೇರಿದ್ದಲ್ಲ, ಇನ್ನೊಂದು ಸಲ ಮಾಡು ಎನ್ನುವ ಅಪ್ಪಣೆ.

ಇಲ್ಲಿಯವರೆಗೆ ಬರೆದು ಅವಳಿಗೆ ಓದಿದೆ. ‘ಎಲ್ಲ ಸರಿ, ಕೊನೇದು ಆಆ ಅಲ್ಲ ರೀ, ಏಏ’ ಎಂದಳು. ಅಲ್ಲ ಎಂದೆ. ಇಬ್ಬರೂ ಮಗುವಿನ ಹತ್ತಿರ ಹೋಗಿ ಕೂತೆವು. ನಾನು ಕುಣಿದೆ, ತಲೆಯ ಮೇಲೆ ಟವಲ್ ಹಾಕಿಕೊಂಡೆ, ಮಗು ಗಂಭೀರವಾಗಿ ನೋಡುತ್ತ ಮಲಗಿದ್ದಳೇ ಹೊರತು ನಗಲಿಲ್ಲ. ನಾವು ಎದ್ದು ಹೊರಡುವಾಗ ಅವಳು ಸೀನಿದಳು, ಅದಕ್ಕೆ ಚೋಟು ನಕ್ಕಳು. ನಾನು ಓಡಿ ಹೋಗಿ ಮೊದಲು ಎಡಗಿವಿ ಕೊಟ್ಟೆ. ಆಆ. ಇನ್ನೊಂದು ಸಲ ಸೀನು ಎಂದೆ, ಸುಳ್ಳು ಸೀನು ಸೀನಿದಳು. ಬಲಗಿವಿ ಕೊಟ್ಟೆ.

ಏಏ.

ಅವಳು ಹೇಳಿದ್ದೇ ಸರಿ. ಆದರೂ ಮೇಲೆ ಬರೆದದ್ದನ್ನು ಹೊಡೆದು ಹಾಕಿಲ್ಲ, ಎರಡನ್ನೂ ಬಿಟ್ಟಿದ್ದೇನೆ. ಬೇಸಿಗೆ ರಜೆಗೆ ಬಂದಾಗ ನೀನೂ ಕೇಳಿ ನೋಡು, ಮಿಷನ್ ಹಾಕಿಕೊಂಡು ಒಂದು ಸಲ, ತೆಗೆದು ಒಂದು ಸಲ. ನಿನಗೆ ಹೇಗೆ ಕೇಳುತ್ತದೋ ಅದನ್ನೂ ಇದರ ಕೆಳಗೇ ಬರೆದು ಸೇರಿಸೋಣ.

ನಿನ್ನ ಗುಂಡ